ಕಿಟಕಿಯ ಬುಡದಲ್ಲಿರುವ ಹೆಸರು: ಚರ್ಚಿನ ಬಣ್ಣದ ಗಾಜನ್ನು ಓದುವುದು ಹೇಗೆ?

ತುಂಗೆದಂಡೆ:
ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಕೆಂಟ್ ಕಡೆ. ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದಾರೆ. ಮೊನ್ನೆ ಮಳೆ ಬಿಟ್ಟ ಮಧ್ಯಾಹ್ನ ಟನ್‌ಬ್ರಿಜ್ ಹತ್ತಿರದ ಟ್ಯೂಡ್ಲಿ ಎಂಬ ಹಳ್ಳಿಯ ಚರ್ಚಿಗೆ ಕರೆದುಕೊಂಡು ಹೋಗಿದ್ದೆ. ಹೊರಗಿನಿಂದ ನೋಡಿದರೆ ಇದಕ್ಕಾಗಿಯೇ ಇಷ್ಟು ದೂರ ಬಂದೆವಾ ಅನ್ನಿಸುತ್ತೆ. ಇಟ್ಟಿಗೆ ಗೋಪುರದ ಪುಟ್ಟ ಕಟ್ಟಡ, ಅಷ್ಟೆ. ಒಳಗೆ ಹನ್ನೆರಡು ಕಿಟಕಿ, ಹನ್ನೆರಡೂ ಮಾರ್ಕ್ ಶಗಾಲ್ ಎಂಬ ಹೆಸರಾಂತ ಚಿತ್ರಕಾರ ಮಾಡಿದ್ದು.

ಕತೆ ಹೀಗಿದೆ. 1963ರ ಸೆಪ್ಟೆಂಬರಿನಲ್ಲಿ ರೈ ಊರಿನ ಹತ್ತಿರ ಕಡಲಲ್ಲಿ ಹಾಯಿದೋಣಿ ಮಗುಚಿ ಸಾರಾ ಡಾವಿಗ್ಡೋರ್-ಗೋಲ್ಡ್‌ಸ್ಮಿಡ್ ಎಂಬ 21ರ ಹುಡುಗಿ ತೀರಿಕೊಂಡಳು. ಅಪ್ಪ ಯಹೂದಿ, ಅಮ್ಮ ಆಂಗ್ಲಿಕನ್. ಜೆರುಸಲೇಮಿನ ಆಸ್ಪತ್ರೆಗಾಗಿ ಶಗಾಲ್ ಮಾಡಿದ್ದ ಕಿಟಕಿಗಳನ್ನು 1961ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ಹುಡುಗಿ ನೋಡಿ ಮರುಳಾಗಿದ್ದಳಂತೆ. ಅದನ್ನು ನೆನೆದು ಅಪ್ಪ ಅಮ್ಮ ಅದೇ ಶಗಾಲ್‌ನನ್ನು ಕೇಳಿದರು, ಪೂರ್ವದ ಒಂದೇ ಒಂದು ಕಿಟಕಿ ಮಾಡಿಕೊಡಿ ಎಂದು. 1967ರಲ್ಲಿ ಅದು ಕೂತಾಗ ನೋಡಲು ಬಂದ ಮುದುಕ, ಆಗವನಿಗೆ ಎಂಬತ್ತು, 'ಎಲ್ಲವನ್ನೂ ನಾನೇ ಮಾಡುತ್ತೇನೆ' ಅಂದುಬಿಟ್ಟ. ಕೊನೆಯವು ಕೂತದ್ದು 1985ರಲ್ಲಿ. ಅದೇ ವರ್ಷ ತನ್ನ 97ನೇ ವಯಸ್ಸಿನಲ್ಲಿ ಅವನೂ ಹೋದ.

ಪೂರ್ವದ ಕಿಟಕಿಯ ಮುಂದೆ ಅಮ್ಮ ಬಹಳ ಹೊತ್ತು ನಿಂತರು. ಕೆಳಗಡೆ ನೀಲಿ ಸುಳಿ, ಅದರಲ್ಲಿ ಕೈ ಚಾಚಿದ ಹುಡುಗಿ. ಪಕ್ಕದಲ್ಲಿ ಅಳುವವರು, ಎರಡು ಮಕ್ಕಳನ್ನು ತಬ್ಬಿಕೊಂಡ ತಾಯಿ. ಮೇಲಕ್ಕೊಂದು ಏಣಿ, ಒಂದು ಕೆಂಪು ಕುದುರೆ, ತುದಿಯಲ್ಲಿ ಶಿಲುಬೆಯ ಮೇಲೆ ಕ್ರಿಸ್ತ. ಅಮ್ಮ ಕೇಳಿದ್ದು, 'ಈ ಹುಡುಗಿ ಮಲಗಿದ್ದಾಳೋ, ಮುಳುಗಿದ್ದಾಳೋ?'

ನನ್ನ ಪ್ರಶ್ನೆ ಅದಲ್ಲ. ನಾವಿರುವ ಊರಿನ ಚರ್ಚಿನಲ್ಲೂ ಇಂಥ ನೆನಪಿನ ಕಿಟಕಿ ಇದೆ, ಆದರೆ ಅಲ್ಲಿ ಸತ್ತವರ ಚಿತ್ರವೇ ಇಲ್ಲ. ಕವಚ ತೊಟ್ಟು ಡ್ರ್ಯಾಗನ್ ತುಳಿದು ನಿಂತ ಸಂತ ಜಾರ್ಜ್ ಇದ್ದಾನೆ. ಬುಡದಲ್ಲಿ 'ದೇವರ ಮಹಿಮೆಗಾಗಿಯೂ, ಇಂಥವನ ಪ್ರೀತಿಯ ನೆನಪಿಗಾಗಿಯೂ' ಎಂದು ಬರೆದು, 1916ರಲ್ಲಿ ಫ್ರಾನ್ಸಿನಲ್ಲಿ ಸತ್ತ ಹತ್ತೊಂಬತ್ತರ ಹುಡುಗನ ಹೆಸರು. ಅಕ್ಷರ ಅರ್ಧ ಅಳಿಸಿದೆ. ಇನ್ನೊಂದು ಮೂಲೆಯಲ್ಲಿ ಯಾವುದೋ ಹಕ್ಕಿ ತನ್ನ ಎದೆಯನ್ನೇ ಕುಕ್ಕಿಕೊಳ್ಳುತ್ತಿದೆ. ಇವನ್ನೆಲ್ಲ ಓದುವುದು ಹೇಗೆ? ಆ ಜಾರ್ಜ್ ಮುಖ ಆ ಹುಡುಗನದೇ ಇರಬಹುದಾ?

ಹಂಪನಕಟ್ಟೆ:
ಆ ಹಕ್ಕಿ ಪೆಲಿಕನ್ ಮಾರಾಯ್ರೆ. ನಮ್ಮ ಕೊಕ್ಕರೆಬೆಳ್ಳೂರಿಗೆ ಬರ್ತದಲ್ಲ ಹೆಜ್ಜಾರ್ಲೆ, ಅದೇ ಜಾತಿ. ಮರಿಗಳಿಗೆ ಹಸಿವಾದಾಗ ಎದೆ ಸೀಳಿ ರಕ್ತ ಕುಡಿಸ್ತದೆ ಅಂತ ಹಿಂದಿನವರು ನಂಬಿದ್ರು. ನಿಜಕ್ಕೂ ಅದು ಹಾಗೆಲ್ಲ ಮಾಡುದಿಲ್ಲ, ಗಂಟಲ ಚೀಲದಿಂದ ಮೀನು ಕೊಡುದು ಅಷ್ಟೆ. ಕ್ರಿಸ್ತ ತನ್ನ ರಕ್ತ ಕೊಟ್ಟದ್ದಕ್ಕೆ ಅದು ಗುರುತು. ನಮ್ಮ ಇಗರ್ಜಿಗಳಲ್ಲಿ ಪರಮಪ್ರಸಾದ ಇಡುವ ಪೆಟ್ಟಿಗೆಯ ಬಾಗಿಲಲ್ಲೂ ನೋಡ್ಲಿಕ್ಕೆ ಸಿಗ್ತದೆ.

ಉಳಿದದ್ದೂ ಕಷ್ಟ ಇಲ್ಲ. ಲಂಗರು ಇದ್ರೆ ಭರವಸೆ. ಬಿಳಿ ಲಿಲ್ಲಿ ಮರಿಯಮ್ಮನವರದ್ದು, ಮದುವೆಯಾಗದ ಹುಡುಗಿ ಸತ್ತರೂ ಅದನ್ನು ಹಾಕ್ತಾರೆ. ಖರ್ಜೂರದ ಗರಿ ಹಿಡಿದವ ಹುತಾತ್ಮ. ಬಾವುಟ ಹೊತ್ತ ಕುರಿಮರಿ ಅಂದ್ರೆ ಸಾವನ್ನು ಗೆದ್ದ ಕ್ರಿಸ್ತ. ರೆಕ್ಕೆಯ ಮನುಷ್ಯ, ರೆಕ್ಕೆಯ ಸಿಂಹ, ರೆಕ್ಕೆಯ ಎತ್ತು, ಹದ್ದು, ಈ ನಾಲ್ಕು ಒಟ್ಟಿಗೆ ಕಂಡ್ರೆ ಸುವಾರ್ತೆ ಬರೆದ ನಾಲ್ವರು, ಮತ್ತಾಯ, ಮಾರ್ಕ, ಲೂಕ, ಯೋಹಾನ.

ಆದ್ರೆ ನೆನಪಿನ ಕಿಟಕಿಯಲ್ಲಿ ಮಜಾ ಇರುದು ಯಾವ ಸಂತನನ್ನು ಆರಿಸಿದ್ದಾರೆ ಅನ್ನುದರಲ್ಲಿ. ಡಾಕ್ಟ್ರು ಸತ್ರೆ ಸಂತ ಲೂಕ, ಅವನೇ ವೈದ್ಯ ಅಲ್ವಾ. ಆರ್ಗನ್ ಬಾರಿಸ್ತಿದ್ದವರಿಗೆ ಸಿಸಿಲಿಯಾ. ಬಡವರಿಗೆ ಬಟ್ಟೆ ಹೊಲಿದುಕೊಟ್ಟ ಅಜ್ಜಿಗೆ ದೊರ್ಕಾ. ಸಣ್ಣ ಮಗು ತೀರಿಕೊಂಡಿದ್ರೆ, ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡ ಯೇಸು. ಕೆಲವು ಸಲ ಬರೀ ಹೆಸರು ಹೊಂದಿದ್ರೂ ಸಾಕು. ಇಂಗ್ಲೆಂಡಿನಲ್ಲಿ ಸೈನಿಕ ಅಂದ್ರೆ ಜಾರ್ಜ್, ಆ ದೇಶದ ಪಾಲಕ ಸಂತನೇ ಅವ, ಅದು ಹೇಳುದೇ ಬೇಡ.

ಯಾರಾದ್ರೂ ಬರುವ ಮೊದಲೇ ಹೇಳ್ತೇನೆ, ನಮ್ಮ ಮಂಗಳೂರಿನ ಅಲೋಶಿಯಸ್ ಚಾಪೆಲ್‌ನ ಪ್ರಸಿದ್ಧಿ ಗಾಜಿನದ್ದಲ್ಲ, ಗೋಡೆ ಮತ್ತು ಮಾಡಿನ ಚಿತ್ರಗಳದ್ದು. ಮೊಸ್ಕೆನಿ ಎಂಬ ಇಟಲಿಯ ಬ್ರದರ್ 1899ರಿಂದ ಎರಡು ವರ್ಷದ ಮೇಲೆ ಕೂತು ಬರೆದದ್ದು. ಬಣ್ಣದ ಗಾಜು ನೋಡ್ಬೇಕಾದ್ರೆ ಮೈಸೂರಿನ ಫಿಲೋಮಿನಾಕ್ಕೆ ಹೋಗಿ.

ಶಿರಾಳಕೊಪ್ಪ ಮೇಷ್ಟ್ರು:
ತುಂಗೆದಂಡೆಯವರೇ, ನಿಮ್ಮ ತಾಯಿಯವರ ಕಣ್ಣು ಸರಿಯಾದ ಜಾಗಕ್ಕೇ ಹೋಗಿದೆ. ಕೆಳಗೆ ಸಾವು, ನಡುವೆ ಏಣಿ, ಮೇಲೆ ದೇವರು. ಈ ಕ್ರಮ ಎಲ್ಲಿ ನೋಡಿದ್ದೀರಿ, ನೆನಪು ಮಾಡಿಕೊಳ್ಳಿ.

ನಮ್ಮ ಸೀಮೆಯಲ್ಲಿ ಕೆರೆ ಏರಿ, ಊರಬಾಗಿಲು, ಎಲ್ಲಿ ನೋಡಿದರೂ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ತುರುಗಳು, ಬಾಣ ನೆಟ್ಟ ವೀರ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಲಿಂಗ, ನಂದಿ, ಪೂಜೆ ಮಾಡುವವನು, ಕೈಮುಗಿದು ಕೂತ ಅದೇ ವೀರ. ನೆತ್ತಿಯ ಮೇಲೆ ಸೂರ್ಯ ಚಂದ್ರ. ಕೆಳಗಿನಿಂದ ಮೇಲಕ್ಕೆ ಓದಬೇಕು. ಮೇಲಿನಿಂದ ಓದಿದರೆ ವೀರ ಕೈಲಾಸದಿಂದ ಜಾರಿ ಬಿದ್ದು ಸತ್ತ ಹಾಗಾಗುತ್ತದೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಪ್ರವಾಸದಲ್ಲಿ ನಿಜವಾಗಿ ಹಾಗೇ ಓದಿ ಹೇಳಿದ್ದ.

'ದೇವರ ಮಹಿಮೆಗಾಗಿ' ಮೊದಲು ಬರುವುದೂ ನಮಗೆ ಹೊಸದಲ್ಲ. ಶಾಸನದಲ್ಲಿ ಶಿವಸ್ತುತಿಯೋ ಜಿನಸ್ತುತಿಯೋ ಮುಗಿದು, ರಾಜನ ಬಿರುದಾವಳಿ ಮುಗಿದು, ಆಮೇಲೆ ತಾನೇ ಸತ್ತವನ ಹೆಸರು?

ಒಂದು ವ್ಯತ್ಯಾಸ ಮಾತ್ರ ಇದೆ. ನಮ್ಮಲ್ಲಿ ಸತ್ತವನೇ ಕಲ್ಲಿನ ಮೇಲೆ ನಿಲ್ಲುತ್ತಾನೆ, ಸಂತನ ಮರೆ ಬೇಡ. ಮನುಷ್ಯನೇ ಏಕೆ? ಆತಕೂರಿನ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯ ಮೇಲೆ ಬಿದ್ದಿದೆ. ಸುಮಾರು 950ರದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಹಾಗೆ ನೋಡಿದರೆ ನಿಮ್ಮ ಶಗಾಲ್ ಮಾಡಿದ್ದು ವೀರಗಲ್ಲಿಗೆ ಹತ್ತಿರ, ನಿಮ್ಮೂರ ಜಾರ್ಜ್ ದೂರ.

ಜಯನಗರದ ಜಗಳಗಂಟ:
ಎಲ್ಲ ಚೆನ್ನಾಗಿದೆ. ನನಗೆ ಮಾತ್ರ ನಮ್ಮ ಏರಿಯಾ ದೇವಸ್ಥಾನದ ಟ್ಯೂಬ್‌ಲೈಟ್ ನೆನಪಾಯ್ತು. ಇಡೀ ಪಟ್ಟಿಯ ಮೇಲೆ ಸೇವಾಕರ್ತರ ಹೆಸರು, ಅವರ ಧರ್ಮಪತ್ನಿ, ಮಕ್ಕಳು, ಅಂಗಡಿ ವಿಳಾಸ. ಬೆಳಕು ಬರೋಕೆ ಮಿಕ್ಕಿರೋದು ಎರಡು ಇಂಚು. ಚರ್ಚಿನ ಕಿಟಕಿ ಅಂದ್ರೆ ಅದೇ ತಾನೇ, ಸ್ವಲ್ಪ ದುಬಾರಿ?

ದುಡ್ಡಿದ್ದವರ ಮಗಳಿಗೆ ಶಗಾಲ್. ಅದೇ ಹಳ್ಳಿಯಲ್ಲಿ ಜ್ವರ ಬಂದು ಸತ್ತ ಕೂಲಿಯವನ ಮಗಳಿಗೆ ಏನಿತ್ತು? ಕಲ್ಕತ್ತಾದ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗೆ ಹೋಗಿದ್ದೆ. ಪಶ್ಚಿಮದ ದೊಡ್ಡ ಕಿಟಕಿ ಇಂಗ್ಲೆಂಡಿನ ಚಿತ್ರಕಾರ ಬರ್ನ್-ಜೋನ್ಸ್ ಬಿಡಿಸಿದ್ದು, 1880ರದ್ದು, ಅದ್ಭುತವಾಗಿದೆ, ಒಪ್ಪಿಕೊಳ್ತೀನಿ. ಯಾರ ನೆನಪಿಗೆ? ವೈಸ್‌ರಾಯ್ ಲಾರ್ಡ್ ಮೇಯೊ. 1872ರಲ್ಲಿ ಅಂಡಮಾನಿನಲ್ಲಿ ಶೇರ್ ಅಲಿ ಅಫ್ರಿದಿ ಅನ್ನೋ ಕೈದಿ ಚಾಕು ಹಾಕಿದ್ನಲ್ಲ, ಅವರೇ. ನಮ್ಮ ಎಂಜಿ ರೋಡ್ ಕೊನೇಲಿರೋ ಮೇಯೊ ಹಾಲ್ ಕೂಡ ಅವರ ಹೆಸರಿಂದೇ. ಕಲ್ಕತ್ತಾದಲ್ಲಿ ಕಿಟಕಿ, ಬೆಂಗಳೂರಲ್ಲಿ ಕಟ್ಟಡ. ನೇಣಿಗೆ ಹೋದ ಶೇರ್ ಅಲಿಗೆ ಗಾಜಿನ ಚೂರೂ ಇಲ್ಲ.

ತುಂಗೆದಂಡೆ:
ಜಗಳಗಂಟರೇ, ನಿಮ್ಮ ಟ್ಯೂಬ್‌ಲೈಟ್ ಮಾತನ್ನು ಅಮ್ಮನಿಗೆ ಓದಿ ಹೇಳಿದೆ, ನಗು ತಡೆಯಲಾರದೆ ಕಾಫಿ ಚೆಲ್ಲಿಕೊಂಡರು.

ಸಾರಾಳ ಮನೆಯವರು ಶ್ರೀಮಂತರು, ಹೌದು. ಸಾಮರ್‌ಹಿಲ್ ಅನ್ನುವ ಬಂಗಲೆ ಅವರದ್ದು, ಅಪ್ಪ ಪಾರ್ಲಿಮೆಂಟ್ ಸದಸ್ಯ. ಇನ್ನೂ ಒಂದು ಅಸ್ತ್ರ ನಿಮ್ಮ ಕೈಗೆ ಕೊಡುತ್ತೇನೆ ತಗೊಳ್ಳಿ. ಶಗಾಲ್‌ಗೆ ಜಾಗ ಮಾಡಲು ಹಳೆಯ ವಿಕ್ಟೋರಿಯನ್ ಕಿಟಕಿಗಳನ್ನು ತೆಗೆಯಬೇಕಾಯ್ತು. ಅದಕ್ಕೆ ತಕರಾರೂ ಆಗಿತ್ತು. ಈಗ ಅವು ಪಾದ್ರಿಗಳ ಉಡುಪಿನ ಕೋಣೆಯಲ್ಲಿ, ಹಿಂದೆ ದೀಪ ಹಚ್ಚಿಸಿಕೊಂಡು ಕೂತಿವೆ. ಒಬ್ಬರ ದುಃಖ ಬಂದು ಇನ್ನೊಬ್ಬರ ದುಃಖವನ್ನು ಒಳಕೋಣೆಗೆ ಕಳಿಸಿತು ಅಂತ ನನಗೂ ಕಸಿವಿಸಿ ಆಯ್ತು. ಆದರೂ ಆ ನೀಲಿಯ ಕೆಳಗೆ ನಿಂತಾಗ ಬಂಗಲೆ ನೆನಪಾಗಲಿಲ್ಲ. ಸುಳ್ಳು ಯಾಕೆ ಹೇಳಲಿ.

ಗಾಜುಗಾರ:
ಹತ್ತು ವರ್ಷದಿಂದ ಇಂಗ್ಲೆಂಡಿನ ಒಂದು ವರ್ಕ್‌ಶಾಪಿನಲ್ಲಿ ಹಳೆ ಕಿಟಕಿ ದುರಸ್ತಿ ನನ್ನ ಕೆಲಸ. ಮೂಲ ಊರು ಹಾಸನ. ಅಕ್ಷರ ಯಾಕೆ ಅಳಿಸಿದೆ ಅಂದಿರಲ್ಲ, ಅದನ್ನು ಹೇಳುತ್ತೇನೆ.

ಬಣ್ಣದ ಗಾಜಿಗೆ ಬಣ್ಣ ಬಳಿದಿರುವುದಿಲ್ಲ. ಗಾಜು ಕರಗಿದಾಗಲೇ ಲೋಹದ ಆಕ್ಸೈಡ್ ಸೇರಿಸುತ್ತಾರೆ. ಕೋಬಾಲ್ಟ್ ಹಾಕಿದರೆ ನೀಲಿ, ಮ್ಯಾಂಗನೀಸ್‌ಗೆ ನೇರಳೆ, ತಾಮ್ರಕ್ಕೆ ಕೆಂಪು. ಕೆಂಪು ದಪ್ಪವಾದರೆ ಕಪ್ಪಾಗಿಯೇ ಕಾಣುತ್ತೆ, ಅದಕ್ಕೆ ಬಿಳಿ ಗಾಜಿನ ಮೇಲೆ ತೆಳ್ಳಗೆ ಒಂದು ಪದರ ಮಾತ್ರ. ಹದಿನಾಲ್ಕನೇ ಶತಮಾನದ ಹೊತ್ತಿಗೆ ಬೆಳ್ಳಿಯ ಲವಣ ಸವರಿ ಸುಟ್ಟು ಹಳದಿ ತರುವುದನ್ನು ಕಲಿತರು. ಸಂತರ ತಲೆಗೂದಲು, ಪ್ರಭಾವಳಿ ಎಲ್ಲ ಆ ಹಳದಿ. ಶಗಾಲ್ ಬರೆದ ಚಿತ್ರವನ್ನು ಟ್ಯೂಡ್ಲಿಯ ಗಾಜಿಗೆ ಇಳಿಸಿದ್ದು ಫ್ರಾನ್ಸಿನ ರೈಮ್ಸ್‌ನ ಶಾರ್ಲ್ ಮಾರ್ಕ್. ಪದರದ ಗಾಜನ್ನು ಆಮ್ಲದಿಂದ ಕೊರೆದು, ಸೀಸದ ಗೆರೆ ಎಳೆಯದೆ ಒಂದೇ ತುಂಡಿನಲ್ಲಿ ಬಣ್ಣ ಕರಗಿ ಹೋಗುವ ಹಾಗೆ ಮಾಡಿದ್ದು ಆತನ ಕೈಚಳಕ. ಎಲ್ಲರೂ ಶಗಾಲ್ ಶಗಾಲ್ ಅನ್ನುತ್ತಾರೆ, ಪಾಪ ಶಾರ್ಲ್ ಮಾರ್ಕ್ ಹೆಸರು ಎತ್ತುವವರಿಲ್ಲ. ನಮ್ಮ ಕಸುಬಿನ ಹಣೆಬರಹವೇ ಅಷ್ಟು.

ಇನ್ನು ಮುಖ, ಬೆರಳು, ಬಟ್ಟೆಯ ಮಡಿಕೆ, ಅಕ್ಷರ. ಇವಷ್ಟೇ ಮೇಲೆ ಬರೆದದ್ದು. ಗಾಜಿನ ಪುಡಿಗೆ ಕಬ್ಬಿಣದ ಆಕ್ಸೈಡ್ ಕಲಸಿ ಬರೆದು, ಆರುನೂರು ಡಿಗ್ರಿಯ ಮೇಲೆ ಸುಟ್ಟು ಅಂಟಿಸುತ್ತಾರೆ. ವಿಕ್ಟೋರಿಯನ್ ಕಾಲದಲ್ಲಿ ಕೆಲವರು ಬೇಗ ಕರಗಲಿ ಅಂತ ಬೊರ್ಯಾಕ್ಸ್, ಅಂದರೆ ಬಿಳಿಗಾರ, ಬೆರೆಸಿದರು. ನೀರು ತಾಗಿದರೆ ಆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ. ಚಳಿಗಾಲದಲ್ಲಿ ಒಳಗೆ ಜನ ತುಂಬಿದಾಗ ಗಾಜಿನ ಮೇಲೆ ಬೆವರು ಹರಿದು ನಿಲ್ಲುವುದು ಎಲ್ಲಿ? ಬುಡದಲ್ಲಿ. ಹೆಸರು ಇರುವುದೂ ಬುಡದಲ್ಲೇ. ಹಾಗಾಗಿ ಸಂತ ಉಳಿಯುತ್ತಾನೆ, ಯಾರಿಗಾಗಿ ಸಂತ ಬಂದನೋ ಅವರ ಹೆಸರೇ ಮೊದಲು ಹೋಗುತ್ತೆ. ಗಾಜನ್ನು ಹಿಡಿದಿಟ್ಟ ಸೀಸದ ಪಟ್ಟಿಯೂ ನೂರು ನೂರೈವತ್ತು ವರ್ಷಕ್ಕೆ ದಣಿಯುತ್ತೆ. ಆಗ ಇಡೀ ಕಿಟಕಿ ಬಿಚ್ಚಿ ಮತ್ತೆ ಕಟ್ಟಬೇಕು. ನಮ್ಮ ಮೇಜಿನ ಮೇಲೆ ಬಂದಾಗ ಅಕ್ಷರದ 'ನೆರಳು' ಓರೆ ಬೆಳಕಿನಲ್ಲಿ ಕಾಣಿಸುತ್ತೆ. ಬಣ್ಣ ಕೂತಿದ್ದ ಜಾಗದಲ್ಲಿ ಗಾಜು ಕಡಿಮೆ ಸವೆದಿರುತ್ತೆ, ಅದಕ್ಕೆ.

ತುಂಗೆದಂಡೆಯವರೇ, ಒಂದು ಕೆಲಸ ಮಾಡಿ. ಕಿಟಕಿಯ ಕೆಳಮೂಲೆಗಳಲ್ಲಿ ಸಣ್ಣ ಗೋಧಿಯ ಕಟ್ಟು ಇದೆಯಾ ನೋಡಿ. ಇದ್ದರೆ ಕೆಂಪ್ ಎಂಬ ಬಣ್ಣದ ಗಾಜಿನ ಕಂಪನಿಯದ್ದು. ಚಾರ್ಲ್ಸ್ ಈಮರ್ ಕೆಂಪ್ 1907ರಲ್ಲಿ ಸತ್ತ ಮೇಲೆ ಅವನ ಬಂಧು ವಾಲ್ಟರ್ ಟವರ್ ನಡೆಸಿದ. ಆಮೇಲಿನ ಕಿಟಕಿಗಳಲ್ಲಿ ಗೋಧಿಯ ಕಟ್ಟಿನ ಮೇಲೆ ಪುಟ್ಟ ಕಪ್ಪು ಗೋಪುರ ಇರುತ್ತೆ. ಹೆಸರೇ ಟವರ್ ನೋಡಿ!

ಮೇಷ್ಟ್ರಿಗೆ ಒಂದು ಮಾತು. ಯಾರ್ಕ್‌ನ ನಾರ್ತ್ ಸ್ಟ್ರೀಟಿನ ಆಲ್ ಸೇಂಟ್ಸ್ ಚರ್ಚಿನಲ್ಲಿ ಸುಮಾರು 1410ರ ಒಂದು ಕಿಟಕಿ ಇದೆ, ಪ್ರಳಯಕ್ಕೆ ಮುಂಚಿನ ಹದಿನೈದು ದಿನಗಳದ್ದು. ಕಡಲು ಉಕ್ಕುತ್ತೆ, ಮನೆ ಮಠ ಬೀಳುತ್ತೆ, ಕೊನೆಗೆ ಎಲ್ಲಕ್ಕೂ ಬೆಂಕಿ. ಓದುವುದು ಕೆಳಗಿನಿಂದ ಮೇಲಕ್ಕೇ. ತೀರಾ ಬುಡದಲ್ಲಿ ದುಡ್ಡು ಕೊಟ್ಟ ಮನೆಯವರು ಮೊಣಕಾಲೂರಿ ಕೂತಿದ್ದಾರೆ. ಅವರ ತಲೆಯ ಮೇಲೆಯೇ ಲೋಕ ಮುಳುಗುತ್ತಿದೆ.

ಶಿರಾಳಕೊಪ್ಪ ಮೇಷ್ಟ್ರು:
ಬಹಳ ಸಂತೋಷ ಗಾಜುಗಾರರೇ. ಹೆಸರೇ ಮೊದಲು ಅಳಿಸುತ್ತದೆ ಎಂದಿರಲ್ಲ, ನಮ್ಮ ಕಲ್ಲುಗಳಲ್ಲಿ ಬುಡದ ಸಾಲುಗಳು ಮಣ್ಣಿನಲ್ಲಿ ಹೂತಿರುತ್ತವೆ. ಅಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಳೆಯ ಕಾಲದಲ್ಲಿ ಸಂತನ ಮರೆ ಇರಲಿಲ್ಲ, ದಾನಿಗಳೇ ಕೂತಿದ್ದರು ಎಂದಾದರೆ, ಅವರು ಆಮೇಲೆ ಎದ್ದು ಹೋದದ್ದು ಏಕೆ?

ಗಾಜುಗಾರ:
ಪ್ರಶ್ನೆ ಸರಿಯಾಗಿದೆ. ಆಗ ಬುಡದಲ್ಲಿ ಬರೆಯುತ್ತಿದ್ದದ್ದು 'ಓರಾತೆ ಪ್ರೊ ಅನಿಮಾ', ಅಂದರೆ 'ಇಂಥವರ ಆತ್ಮಕ್ಕಾಗಿ ಪ್ರಾರ್ಥಿಸಿ'. ಅದು ನೆನಪಿಗಲ್ಲ, ಕೆಲಸಕ್ಕೆ. ನೀವು ಓದಿ ಪ್ರಾರ್ಥಿಸಿದಷ್ಟೂ, ಸತ್ತ ಮೇಲೆ ಪಾಪ ಕಳೆಯುವ ಶುದ್ಧೀಕರಣದ ಬೆಂಕಿಯಲ್ಲಿ ಅವರಿರುವ ಕಾಲ ಕಡಿಮೆಯಾಗಬೇಕು. ದಾನಿಗಳು ತಮ್ಮ ಹೆಸರು ಹಾಕಿಸಿಕೊಂಡದ್ದು ಜಂಬಕ್ಕೆ ಮಾತ್ರ ಅಲ್ಲ. ಜಗಳಗಂಟರು ಗಮನಿಸಬೇಕು.

ಪ್ರೊಟೆಸ್ಟೆಂಟ್ ಸುಧಾರಣೆ ಬಂದ ಮೇಲೆ ಸತ್ತವರಿಗಾಗಿ ಪ್ರಾರ್ಥಿಸುವುದೇ ತಪ್ಪಾಯಿತು. 1643-44ರಲ್ಲಿ ವಿಲಿಯಂ ಡೌಸಿಂಗ್ ಎಂಬಾತ ಸಫೋಕ್, ಕೇಂಬ್ರಿಜ್ ಸೀಮೆಯ ಚರ್ಚುಗಳನ್ನು ಒಂದೊಂದಾಗಿ ಸುತ್ತಿ ಚಿತ್ರ ಒಡೆಸಿದ, ಇಂಥ ಬರಹ ಕೀಳಿಸಿದ. ಯಾವ ಊರಲ್ಲಿ ಎಷ್ಟು ಅಂತ ಡೈರಿಯನ್ನೂ ಇಟ್ಟ! ಹಾಳು ಮಾಡಿದವನ ಲೆಕ್ಕದಿಂದಲೇ ಏನೇನಿತ್ತು ಅಂತ ಇವತ್ತು ನಮಗೆ ಗೊತ್ತಾಗುವುದು. ಹತ್ತೊಂಬತ್ತನೇ ಶತಮಾನದಲ್ಲಿ ಕಿಟಕಿ ಹಾಕಿಸುವ ಹಂಬಲ ಮತ್ತೆ ಬಂದಾಗ 'ಪ್ರಾರ್ಥಿಸಿ' ಅನ್ನುವಂತಿಲ್ಲ. ಅದಕ್ಕೇ ಆ ಎಚ್ಚರಿಕೆಯ ಮಾತು, ದೇವರ ಮಹಿಮೆಗಾಗಿಯೂ, ಇಂಥವರ ನೆನಪಿಗಾಗಿಯೂ. ದೇವರು ಮುಂದೆ, ಮನುಷ್ಯ ಹಿಂದೆ, ಪಾದ್ರಿ ಸುಮ್ಮನೆ.

ಮುಖದ ವಿಷಯ: ಮೊದಲ ಮಹಾಯುದ್ಧದ ನಂತರ ಕೆಲವು ಮನೆಯವರು ಮಗನ ಫೋಟೊ ಕೊಟ್ಟು ಸಂತನಿಗೆ ಅದೇ ಮುಖ ಬರೆಸಿದ್ದು ನಿಜ. ಎಲ್ಲ ಕಡೆ ಅಲ್ಲ. ಬಹಳಷ್ಟು ಜಾರ್ಜ್‌ಗಳ ಮುಖ ವರ್ಕ್‌ಶಾಪಿನ ಒಂದೇ ಮಾದರಿಯದ್ದು.

ಧಾರವಾಡ ಪೇಢೆ:
ನಾ ಅಟ್ಲಾಂಟಾದಾಗ ಇರ್ತೀನ್ರಿ. ಜಗಳಗಂಟ ಅಣ್ಣಾವ್ರು ರೊಕ್ಕದ ಮಾತು ಎತ್ತಿದ್ರಲ್ಲ, ಅದಕ್ಕ ಒಂದು ಉತ್ತರ ನನ್ನ ಕಡೆ ಅದ. ಸಾರಾ ತೀರಿಕೊಂಡ ಅದೇ 1963ರ ಸೆಪ್ಟೆಂಬರ್, 15ನೇ ತಾರೀಖು, ರವಿವಾರ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಊರಾಗ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿಗೆ ಬಿಳಿಯ ಜನಾಂಗದ್ವೇಷಿಗಳು ಬಾಂಬ್ ಇಟ್ಟರು. ನಾಲ್ಕು ಹುಡುಗ್ಯಾರು ಸತ್ತರು. ಆಡಿ ಮೇ ಕಾಲಿನ್ಸ್, ಕೆರೋಲ್ ರಾಬರ್ಟ್‌ಸನ್, ಸಿಂಥಿಯಾ ವೆಸ್ಲಿ, ಈ ಮೂವರಿಗೂ ಹದಿನಾಲ್ಕು. ಡೆನಿಸ್ ಮೆಕ್‌ನೇರ್‌ಗೆ ಹನ್ನೊಂದು. ಅಲ್ಲಿ ಒಂದು ಬಣ್ಣದ ಕಿಟಕಿಯೊಳಗ ಕ್ರಿಸ್ತನ ಮುಖ ಅಷ್ಟ ಹಾರಿಹೋಗಿತ್ತು, ಉಳಿದದ್ದು ಹಂಗ ನಿಂತಿತ್ತು.

ಸುದ್ದಿ ಕೇಳಿ ವೇಲ್ಸ್‌ನ ಜಾನ್ ಪೆಟ್ಸ್ ಅನ್ನೋ ಕಲಾವಿದ, ನಾ ಒಂದು ಕಿಟಕಿ ಮಾಡಿಕೊಡ್ತೀನಿ ಅಂದ. ಅಲ್ಲಿಯ ವೆಸ್ಟರ್ನ್ ಮೇಲ್ ಪತ್ರಿಕೆಯವರು ಪಟ್ಟಿ ಎತ್ತಿದರು. ಕರಾರು ಏನು ಗೊತ್ತೇನ್ರಿ? ಒಬ್ಬರು ಅರ್ಧ ಕ್ರೌನ್ ಅನ್ನೋ ಒಂದು ಸಣ್ಣ ನಾಣ್ಯಕ್ಕಿಂತ ಜಾಸ್ತಿ ಕೊಡೂಹಂಗಿಲ್ಲ. ಯಾವನರ ಸಾಹುಕಾರ ಬಂದು ಇಡೀ ಕಿಟಕಿ ತಾನ ಕೊಟ್ಟೆ ಅನ್ನಬಾರದು ಅಂತ. ಸಾಲಿ ಹುಡುಗ್ರು ಸುದ್ದಾ ರೊಕ್ಕ ಕೂಡಿಸಿದ್ರಂತ. 1965ರಾಗ ಕಿಟಕಿ ಕೂತತು.

ನಾವು ಮನಿಮಂದಿ ಹೋಗಿ ನೋಡಿ ಬಂದ್ವಿ. ಕರಿ ಮೈಯ ಕ್ರಿಸ್ತ, ಎರಡೂ ಕೈ ಚಾಚ್ಯಾನ. ಒಂದು ಕೈ ಅನ್ಯಾಯಾನ ಅತ್ತ ದಬ್ಬತದ, ಇನ್ನೊಂದು ಕ್ಷಮಾ ಮಾಡತದ. ಕೆಳಗ ಮತ್ತಾಯನ ಸುವಾರ್ತೆಯೊಳಗಿನ ಮಾತು, 'ನನಗೇ ಮಾಡಿದಿರಿ' ಅಂತ. ಹುಡುಗ್ಯಾರಿಗೆ ಸಂತರ ಮರೀನೂ ಇಲ್ಲ, ನೀರಾಗ ಮಲಗಿದ ಚಿತ್ರನೂ ಇಲ್ಲ. ಅವರಿಗೆ ಮಾಡಿದ್ದು ನನಗೇ ಮಾಡಿದ್ದು ಅಂತ ದೇವರ ಬಾಯಿಂದನ ಹೇಳಿಸ್ಯಾರ. ಕೊಟ್ಟವರ ಹೆಸರು? 'ವೇಲ್ಸ್ ಮಂದಿ'. ಅಷ್ಟ.

ಜಯನಗರದ ಜಗಳಗಂಟ:
ಪೇಢೆ ಅವರೇ, ಇದಕ್ಕೆ ನನ್ನ ಹತ್ರ ಮಾತಿಲ್ಲ. ಅರ್ಧ ಕ್ರೌನ್ ಕರಾರು ನಮ್ಮ ದೇವಸ್ಥಾನದ ಕಮಿಟಿಗೆ ಕಳಿಸ್ತೀನಿ.

ಆದರೂ ಜಗಳ ಬಿಟ್ಟರೆ ಹೆಸರು ಹಾಳಾಗುತ್ತೆ. ವಾಷಿಂಗ್‌ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ 1953ರಿಂದ ಜನರಲ್ ಲೀ, ಜನರಲ್ ಜಾಕ್ಸನ್ ಕಿಟಕಿ ಇತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸೋಕೆ ಹೋರಾಡಿದ ದಕ್ಷಿಣದ ಪಡೆಯವರು. ಆ ಕಡೆಯ ಹೆಣ್ಣುಮಕ್ಕಳ ಸಂಘ ಕೊಟ್ಟ ನೆನಪಿನ ಕಾಣಿಕೆ, ಸಂತರ ಸಾಲಲ್ಲೇ. 2017ರಲ್ಲಿ ತೆಗೆದರು. 2023ರಲ್ಲಿ ಕೆರ್ರಿ ಜೇಮ್ಸ್ ಮಾರ್ಷಲ್ ಅನ್ನೋ ಕರಿಯ ಕಲಾವಿದ ಮಾಡಿದ ಹೊಸ ಕಿಟಕಿ ಬಂತು, ಹಕ್ಕುಗಳಿಗಾಗಿ ಬೀದಿಯಲ್ಲಿ ಫಲಕ ಹಿಡಿದು ಹೊರಟ ಜನ. ಅಂದರೆ ಮನೆಯವರ ನೆನಪು ಅಂತ ಹಾಕಿಸಿದ್ದೆಲ್ಲ ಬರೀ ನೆನಪಲ್ಲ. ಯಾರನ್ನು ಸಂತರ ಪಕ್ಕ ನಿಲ್ಲಿಸ್ತೀವಿ ಅನ್ನೋದು ತಂಟೆಯೇ.

(ಅದೇ ಕೆಥೆಡ್ರಲ್‌ನ ಇನ್ನೊಂದು ಕಿಟಕಿಯಲ್ಲಿ ಅಪೊಲೊ 11ರವರು ತಂದ ಚಂದ್ರನ ಕಲ್ಲಿನ ಏಳು ಗ್ರಾಂ ಚೂರಿದೆ. ಮೇಷ್ಟ್ರ ವೀರಗಲ್ಲಿನಲ್ಲಿ ಚಂದ್ರನ ಚಿತ್ರ, ಇವರದ್ದರಲ್ಲಿ ಚಂದ್ರನೇ!)

ಹಂಪನಕಟ್ಟೆ:
ತಂಟೆ ಹೌದು. ಆದ್ರೆ ಎಲ್ಲ ಹೆಸರಿಗೂ ಒಂದೇ ಕೋಲು ಬೇಡ ಮಾರಾಯ್ರೆ. ನಮ್ಮ ಇಗರ್ಜಿಯ ಒಂದು ಬೆಂಚಿನ ಹಿಂದೆ ನನ್ನ ಬಪ್ಪನ ಹೆಸರುಂಟು. ಪ್ರತಿ ಆದಿತ್ಯವಾರ ಮಾಯಿ ಅದೇ ಬೆಂಚಲ್ಲಿ ಕೂರ್ತಾರೆ, ಬೇರೆ ಎಲ್ಲ ಖಾಲಿ ಇದ್ರೂ. ಹೆಸರಿನ ಮೇಲೆ ಕೈ ಇಟ್ಟುಕೊಂಡೇ ಪೂಜೆ ಕೇಳುದು. ಪೇಂಟು ಅಲ್ಲಿ ಮಾತ್ರ ಸವೆದು ಹೋಗಿದೆ.

ತುಂಗೆದಂಡೆ:
ನಾಲ್ಕು ದಿನದ ಮೇಲೆ ಬರುತ್ತಿದ್ದೇನೆ. ನಮ್ಮೂರ ಚರ್ಚಿಗೆ ಟಾರ್ಚ್ ಹಿಡಿದು ಮತ್ತೆ ಹೋಗಿದ್ದೆವು. ಗಾಜುಗಾರರೇ, ಗೋಧಿಯ ಕಟ್ಟು ಇದೆ! ಎಡಗಡೆ ಅಂಚಿನಲ್ಲಿ, ಹೆಬ್ಬೆರಳಿನಷ್ಟು. ಮೇಲೆ ಕಪ್ಪು ಗೋಪುರವೂ ಇದೆ. ಅಲ್ಲಿನ ಕೀಲಿಕೈ ನೋಡಿಕೊಳ್ಳುವ ಅಜ್ಜಿಗೆ ತೋರಿಸಿದೆ. ಇಷ್ಟು ವರ್ಷ ಅದನ್ನು ಪೊರಕೆ ಅಂದುಕೊಂಡಿದ್ದರಂತೆ.

ಮುಖದ ಬಗ್ಗೆ ಕೇಳಿದೆ. ಒಳಗಿನಿಂದ ಒಂದು ಚೌಕಟ್ಟು ತಂದರು. ಸಮವಸ್ತ್ರದ ಹುಡುಗ, ದೊಡ್ಡ ಕಿವಿ, ಮೊಂಡು ಮೂಗು, ನಗು ತಡೆದುಕೊಂಡ ಹಾಗಿರುವ ಬಾಯಿ. ಕಿಟಕಿಯ ಜಾರ್ಜ್‌ಗೆ ನೀಳ ಮೂಗು, ಹುಡುಗಿಯರಂಥ ತುಟಿ. ಏನೇನೂ ಹೋಲಿಕೆ ಇಲ್ಲ. ಅಮ್ಮ ಫೋಟೊ ಒಮ್ಮೆ, ಕಿಟಕಿ ಒಮ್ಮೆ ನೋಡಿದರು. ಆಮೇಲೆ ಅಜ್ಜಿಗೆ ಕೈಸನ್ನೆಯಲ್ಲೇ, ಈ ಫೋಟೊ ಒಳಗೆ ಯಾಕೆ, ಇಲ್ಲೇ ಕಿಟಕಿಯ ಕೆಳಗೆ ಇಡಿ ಎಂದರು. ಅಜ್ಜಿಗೆ ಎಷ್ಟು ಅರ್ಥವಾಯಿತೋ, ಸದ್ಯಕ್ಕೆ ಅದನ್ನು ಕಿಟಕಿ ಕಟ್ಟೆಯ ಮೇಲೆ ಒರಗಿಸಿಟ್ಟಿದ್ದಾರೆ. ಬೆವರು ನೀರು ತಾಗದ ಹಾಗೆ ಕೆಳಗೊಂದು ಮರದ ತುಂಡು ಇಡಿ ಎಂದು ನಾನು ಹೇಳಿ ಬಂದೆ.

ಶಿರಾಳಕೊಪ್ಪ ಮೇಷ್ಟ್ರು:
ಅಳಿಸಿದ ಅಕ್ಷರಗಳ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ಒಂದು ಫೋಟೊ ತೆಗೆದು ಹಾಕಿ. ಇಂಗ್ಲಿಷಾದರೇನು, ಓದಲು ಪ್ರಯತ್ನ ಮಾಡೋಣ.